ಅರ್ಧ ಮಾತ್ರೆಯ ಲೆಕ್ಕ

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದೆ. ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಎರಡೂ ಹೆಗಲು ಒಟ್ಟಿಗೆ ನೋವು, ಬಿಗಿತ. ವಾರದೊಳಗೆ ಸೊಂಟ, ತೊಡೆಯೂ ಸೇರಿಕೊಂಡವು. ಮಗ್ಗುಲಿಗೆ ಉರುಳಿ, ಕಿಟಕಿಯ ಸರಳು ಹಿಡಿದು ಮಂಚದಿಂದ ಏಳಬೇಕು. ಹತ್ತು ಗಂಟೆಗೆ ಸ್ವಲ್ಪ ಸಡಿಲ, ಸಂಜೆಗೆ ಓಡಾಟ. ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ.

ಮೊದಲು ನೋಡಿದ ಡಾಕ್ಟರು ‘ವಯಸ್ಸು 66 ಆಯ್ತಲ್ಲಮ್ಮ’ ಅಂದು ನೋವಿನ ಎಣ್ಣೆ ಬರೆದುಕೊಟ್ಟರು. ಮೂರು ತಿಂಗಳು ತಿಕ್ಕಿದ್ದೇ ಬಂತು. ಆಮೇಲೆ ಕೀಲು-ಸ್ನಾಯು ಕಾಯಿಲೆ ನೋಡುವ ರುಮಟಾಲಜಿಸ್ಟ್ ಹತ್ತಿರ ಹೋದೆ. ರಕ್ತ ಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ 84, ಸಿಆರ್‌ಪಿಯೂ ಜಾಸ್ತಿ, ಸಂಧಿವಾತದ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್ ಇಲ್ಲ. ಪಾಲಿಮಯಾಲ್ಜಿಯಾ ರುಮಾಟಿಕಾ ಅಂದರು, ಹೆಗಲು, ಸೊಂಟ ನೋಯಿಸಿ ಬಿಗಿ ಮಾಡುವ ಉರಿಯೂತ. 50 ದಾಟಿದವರಿಗೆ ಬರುವ ಕಾಯಿಲೆ, ಹೆಂಗಸರಿಗೆ ಜಾಸ್ತಿ. ಮೊಮ್ಮಗ ನನ್ನನ್ನು ‘ಪಾಲಿ ಅಜ್ಜಿ’ ಅಂತ ಕರೆಯಲು ಶುರು ಮಾಡಿದ.

ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ, ತಿಂಡಿ ಆದ ಮೇಲೆ. ಮೂರನೇ ದಿನ ಮೇಲಿನ ಗೂಡಿನಿಂದ ಉಪ್ಪಿನಕಾಯಿ ಜಾಡಿ ಇಳಿಸಿದೆ. ಇಳಿಸಿದ ಮೇಲೇ ಗೊತ್ತಾಗಿದ್ದು, ಕೈ ಅಷ್ಟು ಮೇಲೆ ಹೋಗಿತ್ತು ಅಂತ. ಅಲ್ಲೇ ಅತ್ತುಬಿಟ್ಟೆ.

ಆ ಮಾತ್ರೆಯ ಜೊತೆ ಬದುಕೋದು ಬೇರೆಯೇ ಕಥೆ. ರಾತ್ರಿ ಎರಡಕ್ಕೇ ಎಚ್ಚರ. ಸುಮ್ನೆ ಮಲಗಲಾರದೆ ಡಬ್ಬಿ ಉಜ್ಜುತ್ತಿದ್ದೆ. ಹಸಿವಂತೂ ಕೇಳಬೇಡಿ, ಮಧ್ಯರಾತ್ರಿ ಮೊಸರವಲಕ್ಕಿ ಕಲಸಿ ತಿಂದವಳು ನಾನು. ಮುಖ ಇಡ್ಲಿಯ ಹಾಗೆ ಉಬ್ಬಿತು. ಮದುವೆ ಮನೆಯಲ್ಲಿ ‘ಮೈ ಕೈ ತುಂಬಿಕೊಂಡಿದ್ದೀರಿ’ ಅಂದವರಿಗೆ ಏನು ಹೇಳೋದು? ಖಾಲಿ ಹೊಟ್ಟೆಯ ಸಕ್ಕರೆ ಸರಿಯಾಗೇ ಇತ್ತು. ಮಧ್ಯಾಹ್ನ ಊಟದ ನಂತರ ನೋಡಿದರೆ 218. ಬೆಳಗ್ಗೆ ನುಂಗಿದ ಸ್ಟಿರಾಯ್ಡ್ ಸಕ್ಕರೆ ಏರಿಸೋದು ಮಧ್ಯಾಹ್ನದಿಂದ ಸಂಜೆಗೆ. ಬೆಳಗಿನದು ಮಾತ್ರ ನೋಡಿದ್ದರೆ ತಪ್ಪಿಹೋಗುತ್ತಿತ್ತು.

ಮೂಳೆ ಸವೆಯಬಾರದು ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ. ಜೊತೆಗೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ. ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಭಾನುವಾರದ ಆ ಅರ್ಧ ಗಂಟೆಯಷ್ಟು ಉದ್ದದ್ದು ನನ್ನ ವಾರದಲ್ಲಿ ಬೇರೆ ಇಲ್ಲ.

ಸ್ಟಿರಾಯ್ಡ್ ಪ್ರಮಾಣ ಇಳಿಸುವುದೇ ನಿಜವಾದ ಕೆಲಸ. 10 ಮಿಲಿಗ್ರಾಂವರೆಗೆ ಸಲೀಸು. ಆಮೇಲೆ ಒಂದು ದಿನ 10, ಮರುದಿನ 7.5, ಹೀಗೆ ನಾಲ್ಕು ವಾರ. 5ರ ಮಾತ್ರೆಯನ್ನು ಎರಡು ತುಂಡು ಮಾಡಿ, ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆ ಪಕ್ಕದಲ್ಲೇ ‘ಪೂರ್ತಿ’, ‘ಅರ್ಧ’ ಅಂತ ಬರೆದೆ. 7.5ಕ್ಕೆ ಬಂದಾಗ ನೋವೇ ಇರಲಿಲ್ಲ. ಯಾರನ್ನೂ ಕೇಳದೆ ನೇರ 5ಕ್ಕೆ ಹಾರಿದೆ. ಹನ್ನೊಂದನೇ ದಿನ ಮತ್ತೆ ಕಿಟಕಿ ಸರಳು! ಡಾಕ್ಟರು ಬೈಯಲಿಲ್ಲ, ಮತ್ತೆ 10ಕ್ಕೆ ಏರಿಸಿದರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

‘ಸ್ಟಿರಾಯ್ಡ್ ವಿಷ, ಇವತ್ತೇ ಬಿಡು’ ಅಂತ ನನ್ನ ತಂಗಿ ಫೋನಿನಲ್ಲಿ ಈಗಲೂ ಹೇಳುತ್ತಾಳೆ. ಆದರೆ ಸ್ಟಿರಾಯ್ಡ್ ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ದೇಹ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸಾಲ್ ಮಾಡುವುದನ್ನೇ ಮರೆಯುತ್ತದೆ. ಥಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಬಿಪಿ ಕುಸಿತ, ಜೀವಕ್ಕೇ ಅಪಾಯ. ಅದಕ್ಕೇ ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ, ಸ್ಟಿರಾಯ್ಡ್ ತಗೊಳ್ಳುತ್ತಿದ್ದೇನೆ ಅಂತ. ಹಲ್ಲು ಕೀಳಿಸಲು ಹೋದಾಗಲೂ ಮೊದಲು ತೋರಿಸಿದ್ದು ಅದನ್ನೇ.

ಡಾಕ್ಟರು ಇನ್ನೊಂದು ಮಾತು ಎರಡು ಸಲ ಹೇಳಿದ್ದರು. ಹೊಸದಾಗಿ ತಲೆನೋವು, ಬಾಚುವಾಗ ನೆತ್ತಿ ನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಇದ್ದರೆ ಮರುದಿನಕ್ಕೆ ಕಾಯಬೇಡಿ, ಆಗಲೇ ಬನ್ನಿ. ಪಾಲಿಮಯಾಲ್ಜಿಯಾ ಜೊತೆಗೇ ತಲೆಯ ರಕ್ತನಾಳ ಊದುವ ಕಾಯಿಲೆ ಬರಬಹುದು, ಕಣ್ಣೇ ಹೋಗಬಹುದು. ನನಗೆ ಅಂಥದ್ದೇನೂ ಆಗಿಲ್ಲ. ಆದರೂ ಚಕ್ಕುಲಿ ಅಗಿಯುವಾಗ ಒಂದು ಕ್ಷಣ ನಿಲ್ಲಿಸಿ ದವಡೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಈಗ 5 ಮತ್ತು 2.5ರ ನಡುವೆ ಇದ್ದೇನೆ. ಕ್ಯಾಲೆಂಡರ್ ಪ್ರಕಾರ ಇವತ್ತು ‘ಅರ್ಧ’.