ಅಗ್ಗದ ಡಿಜಿಟಲ್ ಟೈರ್ ಗೇಜ್: ಆಯ್ಕೆ ಮತ್ತು ಆರೈಕೆ

ಟೈರಿನ ಗಾಳಿಯ ಒತ್ತಡ ಅಳೆಯುವ ಡಿಜಿಟಲ್ ಗೇಜ್ ಕೊಳ್ಳುವಾಗ ದಶಮಾಂಶದ ನಂತರ ಎಷ್ಟು ಅಂಕಿ ತೋರಿಸುತ್ತದೆ ಎಂಬುದಕ್ಕಿಂತ, ಒಂದೇ ಟೈರನ್ನು ಬೆನ್ನುಬೆನ್ನಿಗೆ ಅಳೆದಾಗ ಹೆಚ್ಚುಕಡಿಮೆ ಒಂದೇ ಅಳತೆ ಬರುತ್ತದೆಯೇ ಎಂಬುದನ್ನು ಗಮನಿಸಬೇಕು. ಬ್ಯಾಟರಿಯನ್ನು ನಾವೇ ಬದಲಿಸುವಂತಿರಲಿ.

ಗೇಜಿನ ಬಾಯಿಯನ್ನು ವಾಲ್ವಿನ ಮೇಲೆ ನೇರವಾಗಿ ಒತ್ತಿದಾಗ ಕ್ಷಣಮಾತ್ರ ‘ಸುಸ್’ ಎಂದು ಗಾಳಿ ಹೊರಟು ನಿಲ್ಲಬೇಕು. ಸದ್ದು ಮುಂದುವರಿದರೆ ಗೇಜನ್ನು ಓರೆಯಾಗಿ ಹಿಡಿದಿದ್ದೀರಿ, ಇಲ್ಲವೇ ಬಾಯಿಯೊಳಗಿನ ರಬ್ಬರ್ ವಾಷರ್ ಸವೆದಿದೆ ಎಂದರ್ಥ. ಆಗ ಪರದೆಯ ಮೇಲಿನ ಅಂಕಿಯನ್ನು, ಅದೆಷ್ಟೇ ಸ್ಪಷ್ಟವಾಗಿ ಕಂಡರೂ, ನಂಬಬಾರದು. ಟೈರಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡವೂ ಸುಮಾರು 1ರಿಂದ 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಹೆಚ್ಚುವುದರಿಂದ, ವಾಹನ ಓಡಿಸುವ ಮುನ್ನವೇ ಅಳೆಯುವುದು ಸರಿ.

ಗೇಜನ್ನು ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡಿನ ಮೇಲೆ ಬಿಡದೆ, ಬಾಯಿಗೆ ದೂಳು ಸೇರದಂತೆ ಚೀಲದಲ್ಲಿಡಿ. ಪರದೆಯ ಅಂಕಿಗಳು ಮಸುಕಾಗತೊಡಗಿದರೆ ಬ್ಯಾಟರಿ ಬದಲಿಸಿ.