ಬಚ್ಚಲ ಬಾಗಿಲಿನ ಚಿಲಕ: ಅಂಬೆಗಾಲಿನ ಮಗುವಿರುವ ಮನೆಗೆ ಸುರಕ್ಷಾ ಸಾಧನಗಳನ್ನು ಆರಿಸಿದ ನನ್ನ ಅನುಭವ

ಮಗಳಿಗೆ ಎಂಟು ತಿಂಗಳು ತುಂಬಿ, ಅವಳು ಅಂಬೆಗಾಲಿಕ್ಕುತ್ತ ನಡುಮನೆಯಿಂದ ಅಡುಗೆಮನೆಯವರೆಗೆ ತಾನಾಗಿಯೇ ಬರತೊಡಗಿದ ವಾರದಲ್ಲಿ, ನಾನು ಆನ್‌ಲೈನಿನಲ್ಲಿ 1,350 ರೂಪಾಯಿ ಕೊಟ್ಟು ಮಕ್ಕಳ ಸುರಕ್ಷತೆಯ ಸಾಮಾನುಗಳ ಒಂದು ಪೆಟ್ಟಿಗೆಯನ್ನು ತರಿಸಿದೆ. ಮೇಜಿನ ಮೂಲೆಗಳಿಗೆ ಅಂಟಿಸುವ ಫೋಮಿನ ತುಂಡುಗಳು, ಸಾಕೆಟ್ಟಿನ ತೂತುಗಳನ್ನು ಮುಚ್ಚುವ ಪ್ಲಾಸ್ಟಿಕ್ ಬಿರಡೆಗಳು, ಕಪಾಟಿನ ಬಾಗಿಲಿಗೆ ಅಂಟಿಸುವ ಪಟ್ಟಿಬೀಗಗಳು ಎಲ್ಲ ಸೇರಿ ಅದರಲ್ಲಿ 28 ತುಂಡುಗಳಿದ್ದವು. ಈಗ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಆ 28ರಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದು ಮೂರು ಪಟ್ಟಿಬೀಗಗಳು ಮಾತ್ರ. ಅವಳನ್ನು ನಿಜವಾಗಿ ಕಾಯುತ್ತಿರುವ ಸಾಧನಗಳಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿಂದ, ಇನ್ನೊಂದು ಎಲೆಕ್ಟ್ರಿಕಲ್ ಅಂಗಡಿಯಿಂದ, ಮತ್ತೊಂದು ನಮ್ಮ ಬೀದಿಯ ಬಡಗಿಯ ಕೈಯಿಂದ ಬಂದವು.

ನಮ್ಮದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ, ಮಾವನವರು ಸುಮಾರು 45 ವರ್ಷಗಳ ಹಿಂದೆ ಕಟ್ಟಿಸಿದ ಮನೆ. ಕೆಳಗೆ ಅತ್ತೆ ಮಾವನವರ ಕೋಣೆ, ನಡುಮನೆ, ಅಡುಗೆಮನೆ, ಬಚ್ಚಲು. ಒಳಗಿನ ಮೆಟ್ಟಿಲು ಹತ್ತಿದರೆ ನಮ್ಮ ಕೋಣೆ ಮತ್ತು ತಾರಸಿ. ಪೆಟ್ಟಿಗೆ ತರಿಸಿದವಳು ನಾನಾದರೂ, ಕೆಲಸವನ್ನು ತಪ್ಪಾದ ಕಡೆಯಿಂದ ಆರಂಭಿಸಿದ್ದೇನೆ ಎಂಬುದು ಎರಡೇ ದಿನಗಳಲ್ಲಿ ತಿಳಿಯಿತು. ಮೇಜಿನ ಮೂಲೆಗೆ ಅಂಟಿಸಿದ್ದ ಫೋಮನ್ನು ಮಗಳು ಕಿತ್ತು ಕಚ್ಚಿ, ಬಟಾಣಿ ಗಾತ್ರದ ಒಂದು ತುಣುಕನ್ನು ನಾಲಗೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿ ನಕ್ಕಳು. ಅದನ್ನು ಬೆರಳಿನಿಂದ ತೆಗೆದ ಮೇಲೆ ಎಲ್ಲ ಮೂಲೆಗಳ ಫೋಮನ್ನೂ ಕಿತ್ತುಹಾಕಿದೆ. ಹಣೆ ಬಡಿದರೆ ಬೋರೆ ಬರುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಗಂಟಲಿನಲ್ಲಿ ಸಿಕ್ಕಿಕೊಂಡದ್ದಕ್ಕೆ ನಿಮಿಷಗಳಷ್ಟೇ ಅವಕಾಶ. ಅಂದು ಒಂದು ಹಾಳೆ ತೆಗೆದುಕೊಂಡು, ಮನೆಯಲ್ಲಿ ಯಾವುದು ಪ್ರಾಣಕ್ಕೆ ಅಪಾಯ, ಯಾವುದು ಬರಿಯ ನೋವು ಎಂದು ಬೇರೆ ಬೇರೆ ಬರೆದೆ. ಮೊದಲ ಪಟ್ಟಿಯಲ್ಲಿ ಬಂದವು ನೀರು, ವಿದ್ಯುತ್ತು, ಮೆಟ್ಟಿಲು, ಬಿಸಿ, ನುಂಗುವ ವಸ್ತುಗಳು ಮತ್ತು ಮೈಮೇಲೆ ಮಗುಚಿ ಬೀಳಬಹುದಾದ ಭಾರದ ಸಾಮಾನುಗಳು. ಹಣವನ್ನೂ ಗಮನವನ್ನೂ ಈ ಪಟ್ಟಿಗೇ ಮೊದಲು ಕೊಡುವುದೆಂದು ನಮ್ಮವರೂ ನಾನೂ ಕುಳಿತು ನಿಶ್ಚಯಿಸಿದೆವು.

ನೀರನ್ನು ಮೊದಲು ಬರೆದದ್ದಕ್ಕೆ ಕಾರಣವಿದೆ. ಈ ವಯಸ್ಸಿನ ಮಗುವಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿನ ಅಂಚು ಹಿಡಿದು ಬಗ್ಗಿ ನೋಡುವಾಗ ತಲೆಕೆಳಗಾಗಿ ಬಿದ್ದರೆ ಅದಕ್ಕೆ ಮತ್ತೆ ಮೇಲೇಳಲು ಆಗುವುದಿಲ್ಲ. ಮೂಗು ಬಾಯಿ ಮುಳುಗುವಷ್ಟು, ಅಂದರೆ ಎರಡು ಮೂರು ಅಂಗುಲ ನೀರಿದ್ದರೂ ಸಾಕು. ಕೂಗಾಟವಾಗಲಿ ನೀರು ಚೆಲ್ಲಾಡುವ ಸದ್ದಾಗಲಿ ಪಕ್ಕದ ಕೋಣೆಗೆ ಕೇಳಿಸುತ್ತದೆ ಎಂಬ ಭರವಸೆಯೂ ಇಲ್ಲ. ಬಕೆಟ್ಟನ್ನು ಯಾವಾಗಲೂ ಖಾಲಿ ಮಾಡಿಡಿ ಎಂಬ ಸಲಹೆಯನ್ನು ನಾನು ಎಲ್ಲೆಡೆ ಓದಿದ್ದೆ. ಆದರೆ ನಲ್ಲಿಯಲ್ಲಿ ದಿನದ ಇಂತಿಷ್ಟು ಹೊತ್ತು ಮಾತ್ರ ನೀರು ಬರುವ, ಎರಡು ಬಕೆಟ್ಟು ಮತ್ತು ಒಂದು ಡ್ರಮ್ಮು ತುಂಬಿಟ್ಟುಕೊಂಡೇ ಮಲಗುವ ಮನೆಯಲ್ಲಿ ಆ ಸಲಹೆ ನಿಲ್ಲುವುದಿಲ್ಲ. ಆದ್ದರಿಂದ ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ನೆಲದಿಂದ ಸರಿಯಾಗಿ ಐದಡಿ ಎತ್ತರದಲ್ಲಿ, ಹಿತ್ತಾಳೆಯ ಒಂದು ಚಿಲಕವನ್ನು ಹಾಕಿಸಿದೆವು. ಚಿಲಕಕ್ಕೆ 90 ರೂಪಾಯಿ. ನಾವು ಮಾಡಿದ ಒಟ್ಟು ಖರ್ಚಿನಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಕೆಲಸ ಮಾಡಿದ ವಸ್ತು ಬೇರೊಂದಿಲ್ಲ.

ಚಿಲಕ ಹಾಕಿಸಿದ ಮೇಲೆ ಎರಡು ತಿದ್ದುಪಡಿಗಳು ಬೇಕಾದವು. ಮಾವನವರು ಒಳಗಿರುವಾಗಲೇ ಯಾರೋ ಅಭ್ಯಾಸಬಲದಿಂದ ಹೊರಗೆ ಚಿಲಕ ಹಾಕಿದ್ದರಿಂದ, ಬಾಗಿಲು ತಟ್ಟಿ ಕೇಳದೆ ಚಿಲಕ ಹಾಕಬಾರದೆಂಬ ನಿಯಮವಾಯಿತು. ಒಳಗಡೆ ಮಗುವಿನ ಕೈಗೆಟಕುವಂತಿದ್ದ ಕೆಳಗಿನ ಅಗಳಿಯನ್ನು ತೆಗೆಸಿ ಮೇಲಿನದನ್ನು ಮಾತ್ರ ಉಳಿಸಿದೆವು, ಏಕೆಂದರೆ ಮಗು ಒಳಗೆ ಹೋಗಿ ತಾನೇ ಅಗಳಿ ಹಾಕಿಕೊಂಡರೆ ನೀರಿನ ಜೊತೆ ಅದು ಒಂಟಿಯಾಗುತ್ತದೆ. ಅಂಗಳದ ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಕೊಂಡಿ ಬೆಸೆಯಿಸಿ ಬೀಗ ಹಾಕಿದೆವು. ಗೀಸರಿನ ಥರ್ಮೋಸ್ಟಾಟನ್ನು 50 ಡಿಗ್ರಿಗೆ ಇಳಿಸಿದೆವು. 60 ಡಿಗ್ರಿಯ ನೀರು ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ನಾನು ಕಲಿತದ್ದು ಹೆಚ್ಚು. ನೆಲದಿಂದ ಎರಡಡಿಯೊಳಗೆ ನಮ್ಮ ಮನೆಯಲ್ಲಿ ಒಂಬತ್ತು ಸಾಕೆಟ್ಟುಗಳಿದ್ದವು. ಪೆಟ್ಟಿಗೆಯಲ್ಲಿ ಬಂದ ಬಿರಡೆಗಳನ್ನು ಎಲ್ಲಕ್ಕೂ ಹಾಕಿದೆ. ಮೂರನೆಯ ದಿನ ಮಾವನವರು ಫೋನ್ ಚಾರ್ಜ್ ಮಾಡಲು ಒಂದನ್ನು ತೆಗೆದು ಮಂಚದ ಮೇಲಿಟ್ಟಿದ್ದರು. ಅದು ಮಗಳ ಮುಷ್ಟಿಯಲ್ಲಿ ಸಿಕ್ಕಿತು. ಸಣ್ಣ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಮಗುವಿನ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ಮಾವನವರ ಹಳೆಯ ಕ್ಯಾಮೆರಾದ ರೀಲಿನ ಪ್ಲಾಸ್ಟಿಕ್ ಡಬ್ಬಿ ಹೆಚ್ಚು ಕಡಿಮೆ ಅದೇ ಅಳತೆಯದು. ಬಿರಡೆಯನ್ನು ಅದರೊಳಗೆ ಹಾಕಿದೆ. ಅದು ಇಳಿದುಹೋಯಿತು, ಮುಚ್ಚಳವೂ ಕೂತುಕೊಂಡಿತು. ಆ ಡಬ್ಬಿ ಇಂದಿಗೂ ನಮ್ಮ ನಡುಮನೆಯ ಗೂಡಿನಲ್ಲಿದೆ, ಮನೆಗೆ ಬರುವ ಪ್ರತಿಯೊಂದು ಸಣ್ಣ ವಸ್ತುವೂ ಮೊದಲು ಅದರ ಪರೀಕ್ಷೆಗೆ ಒಳಗಾಗುತ್ತದೆ.

ಬಿರಡೆಗಳ ಬದಲು ಒಂಬತ್ತೂ ಸಾಕೆಟ್ಟುಗಳನ್ನು ಒಳಗೆ ಶಟರ್ ಇರುವ ಹೊಸ ಸಾಕೆಟ್ಟುಗಳಾಗಿ ಬದಲಾಯಿಸಿದೆವು. ಪ್ಲಗ್ಗಿನ ಮೇಲಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿದ್ದು, ಅದು ಮೊದಲು ಒಳಹೊಕ್ಕಾಗ ಮಾತ್ರ ಇವುಗಳ ಕೆಳಗಿನ ತೂತುಗಳ ಪರದೆ ಸರಿಯುತ್ತದೆ. ಕೆಳಗಿನ ಒಂದು ತೂತಿಗೆ ಮಾತ್ರ ಪಿನ್ನನ್ನೋ ಕಡ್ಡಿಯನ್ನೋ ಚುಚ್ಚಿದರೆ ತೆರೆದುಕೊಳ್ಳುವುದಿಲ್ಲ. ಮುಖ್ಯವಾದ ಅನುಕೂಲವೆಂದರೆ ಇದನ್ನು ಯಾರೂ ನೆನಪಿಟ್ಟುಕೊಂಡು ಮುಚ್ಚಬೇಕಾಗಿಲ್ಲ. ಎಲೆಕ್ಟ್ರಿಷಿಯನ್ ಅವರು ಮೇನ್ ಆರಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ತೂತನ್ನೂ ಒತ್ತಿ ತೋರಿಸಿದ ಮೇಲೆಯೇ ನಾನು ಒಪ್ಪಿದೆ.

ಅವರೇ ಇನ್ನೊಂದು ಪ್ರಶ್ನೆ ಕೇಳಿದರು: "ಅಮ್ಮಾ, ನಿಮ್ಮ ಮನೇಲಿ ಆರ್‌ಸಿಸಿಬಿ ಇದೆಯಾ?" ಮೇನ್ ಬೋರ್ಡಿನಲ್ಲಿ ತಾನಾಗಿ ಬಿದ್ದು ವಿದ್ಯುತ್ತು ಕಡಿಯುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಎಂದೆ. ಅವರು ವಿವರಿಸಿದ್ದು ಹೀಗೆ: ಎಂಸಿಬಿ ಕಾಯುವುದು ತಂತಿಯನ್ನು, ಶಾರ್ಟ್ ಆದಾಗಲೋ ಲೋಡ್ ಹೆಚ್ಚಾದಾಗಲೋ ಅದು ಬೀಳುತ್ತದೆ. ಮನುಷ್ಯನ ಮೈಯೊಳಗಿಂದ ನೆಲಕ್ಕೆ ಹರಿಯುವ ಅಲ್ಪ ಪ್ರಮಾಣದ ವಿದ್ಯುತ್ತು ಅದರ ಗಮನಕ್ಕೇ ಬರುವುದಿಲ್ಲ, ಆದರೆ ಜೀವ ತೆಗೆಯಲು ಅಷ್ಟೇ ಸಾಕು. ಆರ್‌ಸಿಸಿಬಿ ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂತಿರುಗಿತೇ ಎಂದು ತಾಳೆ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನ ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಹಾಗಾದರೆ ಶಟರಿನ ಸಾಕೆಟ್ಟು ಏಕೆ ಬೇಕು ಎಂದು ಕೇಳಿದೆ. ಮಗು ಎರಡು ಕೈಗಳಿಂದ ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಮುಟ್ಟಿ, ನೆಲಕ್ಕೆ ಏನೂ ಸೋರದಿದ್ದರೆ ಆರ್‌ಸಿಸಿಬಿಗೆ ಅದು ಒಂದು ಬಲ್ಬಿನಂತೆಯೇ ಕಾಣುತ್ತದೆ, ಬೀಳುವುದಿಲ್ಲ ಎಂದರು. ಆದ್ದರಿಂದ ಎರಡೂ ಬೇಕು.

ಹಾಕಿದ ದಿನ ಆರ್‌ಸಿಸಿಬಿ ಮೇಲೆ ನಿಲ್ಲಲೇ ಇಲ್ಲ. ಎತ್ತಿದಷ್ಟು ಸಲವೂ ಬೀಳುತ್ತಿತ್ತು. ಹಳೆಯ ಮನೆಗಳಲ್ಲಿ ಇದು ಸಾಮಾನ್ಯವಂತೆ. ಅನೇಕರು ಬೇಸತ್ತು ಅದನ್ನು ತೆಗೆಸಿಯೇಬಿಡುತ್ತಾರೆ. ಎಲೆಕ್ಟ್ರಿಷಿಯನ್ ಅವರು ಒಂದೊಂದೇ ಸರ್ಕ್ಯೂಟನ್ನು ಬಿಡಿಸುತ್ತ ಹೋಗಿ ಮಧ್ಯಾಹ್ನದ ಹೊತ್ತಿಗೆ ಗೀಸರಿನ ಹತ್ತಿರ ಬಂದರು. ಅದರ ಎಲಿಮೆಂಟ್ ಹಾಳಾಗಿ ವಿದ್ಯುತ್ತು ಗೀಸರಿನ ಮೈಗೆ ಸೋರುತ್ತಿತ್ತು. ನಾನು ಎಂಟು ತಿಂಗಳು ಮಗುವಿಗೆ ನೀರೆರೆದದ್ದು ಅದೇ ಗೀಸರಿನ ಕೆಳಗೆ. ಆ ಕ್ಷಣ ನನಗೆ ಮಾತು ಹೊರಡಲಿಲ್ಲ. ಎಲಿಮೆಂಟ್ ಬದಲಾಯಿಸಿ, ಅರ್ಥಿಂಗನ್ನೂ ಸರಿಪಡಿಸಿದ ಮೇಲೆ ಆರ್‌ಸಿಸಿಬಿ ನಿಂತಿತು. ಪ್ರತಿ ತಿಂಗಳ ಮೊದಲ ದಿನ ಮಾವನವರು ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡುತ್ತಾರೆ.

ಮೆಟ್ಟಿಲಿನ ಗೇಟಿನಲ್ಲಿ ಎರಡು ಬಗೆಗಳಿವೆ: ಎರಡು ಗೋಡೆಗಳ ನಡುವೆ ತಿರುಪಿನಿಂದ ಒತ್ತಿ ನಿಲ್ಲಿಸುವಂಥದು ಮತ್ತು ಸ್ಕ್ರೂ ಹೊಡೆದು ಬಿಗಿಯುವಂಥದು. ಕೋಣೆಯ ಬಾಗಿಲಿಗೋ ಮೆಟ್ಟಿಲಿನ ಬುಡಕ್ಕೋ ಮೊದಲನೆಯದು ಸಾಕು. ಮೆಟ್ಟಿಲಿನ ತುದಿಗೆ ಅದನ್ನು ಹಾಕಲೇಬಾರದು: ಮಗು ಭಾರ ಬಿಟ್ಟರೆ ಗೇಟಿನೊಂದಿಗೇ ಕೆಳಗೆ ಹೋಗಬಹುದು, ಜೊತೆಗೆ ಅದರ ಅಡಿಪಟ್ಟಿ ದೊಡ್ಡವರ ಕಾಲಿಗೆ ತೊಡರುತ್ತದೆ. ಇಷ್ಟನ್ನು ತಿಳಿದುಕೊಂಡು ನಾನು ಮೇಲಕ್ಕೆ ಸ್ಕ್ರೂ ಹಾಕುವ ಗೇಟನ್ನೇ ತರಿಸಿದೆ. ಹೆಬ್ಬೆರಳಿನಿಂದ ಗುಂಡಿಯನ್ನು ಹಿಂದಕ್ಕೆ ಎಳೆದುಕೊಂಡು, ಅದೇ ಹೊತ್ತಿಗೆ ಹಿಡಿಯನ್ನು ಮೇಲಕ್ಕೆತ್ತಿದರೆ ಅದು ತೆರೆಯುತ್ತಿತ್ತು. ಮಗುವಿಗೆ ಖಂಡಿತ ಬಗ್ಗದು ಎಂದು ನಿಶ್ಚಿಂತಳಾದೆ. ಒಂದು ವಾರದ ನಂತರ ಮಧ್ಯಾಹ್ನ ಮೇಲೆ ಬಂದಾಗ, ಗೇಟು ಹಾರುಹೊಡೆದಿತ್ತು. ಮುಚ್ಚಿಕೊಳ್ಳದಂತೆ ಮಡಿಸಿದ ಗೋಣಿತಾಟನ್ನು ಅಡ್ಡ ಇಡಲಾಗಿತ್ತು. ಅತ್ತೆ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದರು.

"ಬೇಜಾರು ಮಾಡ್ಕೋಬೇಡಮ್ಮ," ಎಂದರು ಅವರು. "ನನ್ನ ಹೆಬ್ಬೆರಳಿಗೆ ಅದು ಬಗ್ಗೋದಿಲ್ಲ. ಪ್ರತಿ ಸಲ ನಿನ್ನನ್ನೇ ಕೂಗ್ಬೇಕಲ್ಲ ಅಂತ ಹೀಗೆ ಮಾಡ್ದೆ."

ಅವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿರುವುದನ್ನು ದಿನವೂ ನೋಡುತ್ತಿದ್ದವಳು ನಾನು. ಮಗುವಿನ ಶಕ್ತಿಯನ್ನು ಲೆಕ್ಕ ಹಾಕಿದ್ದೆ, ದಿನಕ್ಕೆ ಹತ್ತು ಸಲ ಆ ಗೇಟನ್ನು ದಾಟಬೇಕಾದ ಅತ್ತೆಯ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮನೆಯಲ್ಲಿ ಅದನ್ನು ಬಳಸಲು ಯಾರಿಗೆ ಎಲ್ಲರಿಗಿಂತ ಕಷ್ಟವೋ ಅವರ ಕೈಗೆ ಮೊದಲು ಕೊಟ್ಟು ನೋಡದೆ, ಅದರ ನಂತರ ನಾವು ಯಾವ ಸಾಧನವನ್ನೂ ಗೋಡೆಗೆ ಬಿಗಿಸಿಲ್ಲ. ಬಡಗಿಯವರನ್ನು ಕರೆಸಿ, ಅತ್ತೆಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಮರದ ಗೇಟನ್ನು ಮಾಡಿಸಿದೆವು: 32 ಅಂಗುಲ ಎತ್ತರ, ಕಾಲಿಟ್ಟು ಹತ್ತಲು ಆಗದಂತೆ ನೆಟ್ಟನೆಯ ಪಟ್ಟಿಗಳು ಮಾತ್ರ, ತೆರೆದುಕೊಳ್ಳುವುದು ಕೋಣೆಯ ಕಡೆಗೆ, ಮೆಟ್ಟಿಲಿನ ಕಡೆಗಲ್ಲ. ಕೊಂಡಿಯನ್ನು ಮೆಟ್ಟಿಲಿನ ಬದಿಯಲ್ಲಿ ಕೆಳಗೆ ಇಟ್ಟದ್ದರಿಂದ, ದೊಡ್ಡವರು ಮೇಲಿನಿಂದ ಕೈ ಇಳಿಸಿ ಅಂಗೈಯಿಂದಲೇ ಎತ್ತಬಹುದು, ಮಗುವಿಗೆ ಅದು ಕಾಣುವುದೂ ಇಲ್ಲ. ಒಂದು ಬದಿಯಲ್ಲಿ ಗೋಡೆಯ ಬದಲು ಕಬ್ಬಿಣದ ಕಟಕಟೆಯಿದ್ದುದರಿಂದ ಅಲ್ಲಿ ತೇಗದ ಒಂದು ಕಂಬವನ್ನು ಯು ಕ್ಲಾಂಪಿನಿಂದ ಬಿಗಿದರು. ಕಟಕಟೆಯ ಸರಳುಗಳ ನಡುವೆ ಐದು ಅಂಗುಲದ ಸಂದಿತ್ತು. ಹತ್ತು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಮಗು ನುಸುಳುವ ಅಪಾಯವಿರುವುದರಿಂದ ಒಳಬದಿಗೆ ಪಾಲಿಕಾರ್ಬೊನೇಟ್ ಹಾಳೆಯನ್ನು ಕಟ್ಟಿದೆವು.

ಅಡುಗೆಮನೆಯಲ್ಲಿ ಕಟ್ಟೆಯ ಕೆಳಗೆ ಬಾಗಿಲಿಲ್ಲದ ಕಡಪ ಕಲ್ಲಿನ ಅರೆಗಳಿರುವುದರಿಂದ ಬೀಗ ಹಾಕಲು ಜಾಗವೇ ಇರಲಿಲ್ಲ. ಫಿನೈಲು, ಆ್ಯಸಿಡ್, ಸೀಮೆಎಣ್ಣೆ ಅಟ್ಟಕ್ಕೆ ಹೋದವು. ಈಳಿಗೆಮಣೆ ಗೋಡೆಯ ಮೊಳೆಗೆ ಏರಿತು. ಸಿಲಿಂಡರಿನ ರೆಗ್ಯುಲೇಟರನ್ನು ಅಡುಗೆಯಾದ ಕೂಡಲೇ ಮುಚ್ಚುತ್ತೇವೆ. ದೇವರ ಗೂಡಿನ ಕರ್ಪೂರದ ಡಬ್ಬಿಯ ಬಗ್ಗೆ ಅತ್ತೆಗೆ ಹೇಳಬೇಕಾಯಿತು. ಸ್ವಲ್ಪವೇ ಕರ್ಪೂರ ನುಂಗಿದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಅಂದೇ ಅದನ್ನೂ ಬೀರುವಿನ ನುಸಿಗುಳಿಗೆಗಳನ್ನೂ ಅವರೇ ಮೇಲಿಟ್ಟರು. ಪೆಟ್ಟಿಗೆಯಿಂದ ಉಳಿದ ಮೂರು ಪಟ್ಟಿಬೀಗಗಳು ಔಷಧಿಯ ಕಪಾಟು, ಫ್ರಿಜ್ಜು ಮತ್ತು ರಿಮೋಟ್, ತೂಕದ ಯಂತ್ರ ಮುಂತಾದ ಗುಂಡಿ ಸೆಲ್ಲಿನ ಸಾಮಾನುಗಳಿರುವ ಡ್ರಾಯರಿಗೆ ಹೋದವು. ಗುಂಡಿ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಮಾಂಸವನ್ನು ಸುಡತೊಡಗುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಉಕ್ಕಿನ ಬೀರು ಮತ್ತು ಟಿವಿಯನ್ನು ಎಲ್ ಆಕಾರದ ಪಟ್ಟಿಗಳಿಂದ ಗೋಡೆಗೆ ಬಿಗಿಸಿದೆವು. ಆಷಾಢದ ಗಾಳಿಗೆ ಬಾಗಿಲುಗಳು ದಢಾರನೆ ಬಡಿಯುವ ಮನೆ ನಮ್ಮದಾದ್ದರಿಂದ, ಬೆರಳು ಸಿಕ್ಕದಂತೆ ಪ್ರತಿ ಬಾಗಿಲಿನ ಮೇಲಂಚಿಗೆ ಫೋಮಿನ ಕೊಕ್ಕೆ ಸಿಕ್ಕಿಸಿದೆವು; ಮೇಲಿರುವುದರಿಂದ ಅದು ಅವಳ ಬಾಯಿಗೆ ಹೋಗದು.

ನಾಮಕರಣಕ್ಕೆ ಉಡುಗೊರೆಯಾಗಿ ಬಂದ ಚಕ್ರದ ವಾಕರನ್ನು ಬಳಸಲಿಲ್ಲ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ, ಕಾರಣ ಮುಖ್ಯವಾಗಿ ಮೆಟ್ಟಿಲಿನಿಂದ ಉರುಳಿ ಬಿದ್ದ ಮಕ್ಕಳು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದನ್ನು ನೋಡಿಯೇ ಆಟಿಕೆ ಕೊಳ್ಳುತ್ತೇನೆ. ಆದರೆ ಗೇಟು, ಬೀಗ, ಬಿರಡೆಗಳು ಆಟಿಕೆಗಳಲ್ಲ. ಅವುಗಳನ್ನು ನಾವೇ ಎಳೆದು, ಅಲುಗಾಡಿಸಿ, ಡಬ್ಬಿಯೊಳಗೆ ಹಾಕಿ ನೋಡಬೇಕು.

ಕಳೆದ ವಾರ ಮಗಳು ಪ್ಲಾಸ್ಟಿಕ್ ಸ್ಟೂಲನ್ನು ಬಚ್ಚಲಿನ ಬಾಗಿಲಿನವರೆಗೆ ಎಳೆದುಕೊಂಡು ಹೋಗಿ, ಅದರ ಮೇಲೆ ಹತ್ತಿ ನಿಂತು ಚಿಲಕದತ್ತ ಕೈ ಚಾಚಿದಳು. ಅವಳನ್ನು ಹಿಡಿದುಕೊಂಡೇ ನಮ್ಮವರಿಂದ ಟೇಪು ತರಿಸಿ ಅಳತೆ ತೆಗೆದೆ. ಬೆರಳ ತುದಿ ನಾಲ್ಕಡಿ ಹತ್ತು ಅಂಗುಲಕ್ಕೆ ತಲುಪಿತ್ತು, ಚಿಲಕಕ್ಕೆ ಇನ್ನು ಎರಡೇ ಅಂಗುಲ. ಮರುದಿನ ಬಡಗಿಯವರು ಬಂದು ಚಿಲಕವನ್ನು ಐದೂಮುಕ್ಕಾಲು ಅಡಿಗೆ ಏರಿಸಬೇಕೆಂದಾಗ, ಅಷ್ಟು ಎತ್ತರಕ್ಕೆ ಅತ್ತೆಯ ತೋಳು ಏಳುವುದಿಲ್ಲ ಎಂದು ಬೇಡವೆಂದೆ. ಚಿಲಕ ಇದ್ದಲ್ಲಿಯೇ ಇದೆ. ಮನೆಯ ಮೂರೂ ಸ್ಟೂಲುಗಳು ಈಗ ಬಳಸಿದ ಕೂಡಲೇ ಮಾವನವರ ಕೋಣೆಯ ಮಂಚದ ಹಿಂದೆ ಸೇರುತ್ತವೆ, ಆ ಕೋಣೆಯ ಬಾಗಿಲನ್ನು ಅವರು ಮುಚ್ಚಿಡುತ್ತಾರೆ.