ಫಂಕ್ಷನ್ ಕೊಡುವ ಅರೇ ಮೇಲೆ ಲೂಪ್: ಒಂದೇ ಕರೆ ಸಾಕು

ಜಾವಾಸ್ಕ್ರಿಪ್ಟ್‌ನಲ್ಲಿ ಅರೇ (ಮೌಲ್ಯಗಳ ಪಟ್ಟಿ) ಹಿಂದಿರುಗಿಸುವ ಫಂಕ್ಷನಿನ ಕರೆಯನ್ನು ಫಾರ್ ಲೂಪಿನ ಷರತ್ತಿನೊಳಗೆ ಬರೆಯಬೇಡಿ. ಅರೇಯ ಸಾಲುಗಳನ್ನು ಒಂದೊಂದಾಗಿ ಕೊಡುವ ಫಾರ್-ಆಫ್ (for...of) ಬಳಸಿ, ಇಲ್ಲವೇ ಕರೆಯ ಫಲಿತಾಂಶವನ್ನು ಮೊದಲೇ ಒಂದು ಕಾನ್ಸ್ಟ್‌ನಲ್ಲಿ ಇಟ್ಟುಕೊಳ್ಳಿ. ಫಾರ್-ಆಫ್ ಆ ಫಂಕ್ಷನನ್ನು ಆರಂಭದಲ್ಲಿ ಒಮ್ಮೆ ಮಾತ್ರ ಕರೆಯುತ್ತದೆ, ಹಳೆಯ ಫಾರ್‌ನ ಷರತ್ತು ಪ್ರತಿ ಸುತ್ತಿಗೂ ಹೊಸದಾಗಿ ಲೆಕ್ಕವಾಗುತ್ತದೆ. ಮಲ್ಪೆ ಬಂದರಿನ ಮೀನಿನ ದರಪಟ್ಟಿ ತೋರಿಸುವ ಪುಟ ಅಂತ ಇಟ್ಟುಕೊಳ್ಳಿ: ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಸೇರಿ 200 ಸಾಲು. ಲೆಂತ್ (ಅರೇಯ ಉದ್ದ) ನೋಡಲು ಷರತ್ತಿನಲ್ಲೊಂದು ಕರೆ, ಸಾಲು ತೆಗೆಯಲು ಒಳಗೊಂದು ಕರೆ ಇದ್ದರೆ ಲೂಪ್ ನಿಲ್ಲಿಸುವ ಕೊನೆಯ ಪರೀಕ್ಷೆಯೂ ಸೇರಿ ಷರತ್ತಿನಲ್ಲಿ 201, ಒಳಗೆ 200, ಒಟ್ಟು 401 ಕರೆ. ಫಂಕ್ಷನಿನೊಳಗೆ ಆ 200 ಸಾಲಿಗೂ ಮ್ಯಾಪ್ (ಪ್ರತಿ ಸಾಲಿನಿಂದ ಹೊಸ ಸಾಲು ಮಾಡುವ ಕೆಲಸ) ಓಡುತ್ತಿದ್ದರೆ 80,200 ಸಲ ಅದೇ ಕೆಲಸ. ಕ್ರಮಸಂಖ್ಯೆ ಬೇಕಾದರೆ ಕ್ರಮಸಂಖ್ಯೆ, ಸಾಲು ಎರಡನ್ನೂ ಜೋಡಿಯಾಗಿ ಕೊಡುವ ಅರೇಯ ಎಂಟ್ರೀಸ್ (entries()) ಮೇಲೆ ಲೂಪ್ ಮಾಡಿ. ಫಾರ್-ಇನ್ ಮಾತ್ರ ಬೇಡವೇ ಬೇಡ, ಅದು ಕ್ರಮಸಂಖ್ಯೆಯನ್ನು ಸ್ಟ್ರಿಂಗ್ (ಪಠ್ಯ) ಆಗಿ ಕೊಡುವುದರಿಂದ 0ಗೆ 1 ಕೂಡಿಸಿದರೆ "01" ಬರುತ್ತದೆ. ಫಾರ್-ಆಫ್ ಕೈಕೊಡುವ ಜಾಗಗಳೂ ಇವೆ. ಅಸಿಂಕ್ ಫಂಕ್ಷನ್ ಕೊಡುವುದು ಅರೇ ಅಲ್ಲ, ಪ್ರಾಮಿಸ್, ಅಂದರೆ ಫಲಿತಾಂಶ ಆಮೇಲೆ ಬರುತ್ತದೆ ಎಂಬ ಭರವಸೆ. ಕರೆಯ ಮುಂದೆ ಅದಕ್ಕಾಗಿ ಕಾಯಿಸುವ ಅವೇಟ್ (await) ಹಾಕದಿದ್ದರೆ "ನಾಟ್ ಇಟರೇಬಲ್" (ಇದರ ಮೇಲೆ ಲೂಪ್ ಮಾಡಲಾಗದು) ಎಂಬ ಟೈಪ್‌ಎರರ್ ಖಂಡಿತ. ಫಂಕ್ಷನ್ ನಲ್ ಅಥವಾ ಅನ್‌ಡಿಫೈನ್ಡ್ ಕೊಟ್ಟರೂ ಇದೇ ಗತಿ, ಅದಕ್ಕೆ ಕರೆಯ ನಂತರ ?? [] ಸೇರಿಸಿ, ಆಗ ಬದಲಿಗೆ ಖಾಲಿ ಅರೇ ಸಿಗುತ್ತದೆ. ಇನ್ನೊಂದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ: ಫಂಕ್ಷನ್ ಹೊಸ ಪ್ರತಿಯ ಬದಲು ತನ್ನ ಒಳಗಿನ ಮೂಲ ಅರೇಯನ್ನೇ ಕೊಡುತ್ತಿದ್ದು, ಲೂಪ್ ನಡೆಯುವಾಗಲೇ ನೀವು ಸ್ಪ್ಲೈಸ್‌ನಿಂದ ಈಗಿನ ಸಾಲನ್ನು ತೆಗೆದರೆ, ಉಳಿದವು ಒಂದು ಸ್ಥಾನ ಹಿಂದೆ ಸರಿದು ಮುಂದಿನ ಸಾಲು ತಪ್ಪಿಹೋಗುತ್ತದೆ, ಎರರ್ ಕೂಡ ಬರುವುದಿಲ್ಲ. ಅಲ್ಲಿ ಕರೆಯನ್ನು ಚೌಕ ಆವರಣದೊಳಗೆ ಮೂರು ಚುಕ್ಕೆಯ ಸ್ಪ್ರೆಡ್ ಜೊತೆ ಬರೆದು ಪ್ರತಿಯ ಮೇಲೆ ಲೂಪ್ ಓಡಿಸಿ.